ಎರಡೇ ಮಾತು

ಯಾರಿಂದಲೂ ಒಮ್ಮೆಯೂ ನೆಲಕ್ಕೆ ಕೆಡವಲಾಗದ ಬಾಕ್ಸಿಂಗ್ ಚಾಂಪಿಯನ್‌ಗೆ ಊರಿನಲ್ಲಿ ಸನ್ಮಾನ. ತಲೆಗೆ ಪೇಟ, ಹೆಗಲಿಗೆ ಶಾಲು, ತೊಡೆಯ ಮೇಲೆ ಹಣ್ಣಿನ ಬುಟ್ಟಿ.

"ಹಳೇ ಕಾಲದ ಆ ರಷ್ಯಾದ ಬಾಕ್ಸರ್ ಬಂದ್ರೂ ನಮ್ಮ ಹುಡುಗ ಮೂರೇ ರೌಂಡಲ್ಲಿ ಮಲಗಿಸ್ತಾನೆ!" ಎಂದರು ಎಂಟನೆಯ ಭಾಷಣಕಾರರು.

"ರಷ್ಯಾದೋನಿಗೆ ಮೂರು ಯಾಕ್ರೀ? ಒಂದೇ ಸಾಕು!" ಒಂಬತ್ತನೆಯವರು ಮೈಕು ಕಿತ್ತುಕೊಂಡರು. "ಆ ಕ್ಯೂಬಾದ ಬಾಕ್ಸರ್ ಆದ್ರೆ ಎರಡು ರೌಂಡ್ ನಿಲ್ತಿದ್ದ!"

"ಸಾರ್, ಹುಡುಗ ಮೂರು ದಿನದಿಂದ ನಿದ್ದೆ ಮಾಡಿಲ್ಲ," ಎಂದು ವೇದಿಕೆಯಲ್ಲಿದ್ದ ಹಳೇ ಬಾಕ್ಸಿಂಗ್ ರೆಫ್ರಿ ಅಧ್ಯಕ್ಷರ ಕಿವಿಯಲ್ಲಿ ಪಿಸುಗುಟ್ಟಿದರು.

"ಎರಡೇ ಮಾತು ಹೇಳಿ ಮುಗಿಸ್ತೀನಿ," ಎಂದು ಅಧ್ಯಕ್ಷರು ಎದ್ದರು.

ಒಂದು ಗಂಟೆಯ ನಂತರ ಅವರು "ಕೊನೆಯದಾಗಿ..." ಎನ್ನುವಷ್ಟರಲ್ಲಿ ಹಣ್ಣಿನ ಬುಟ್ಟಿ ಉರುಳಿತು. ಚಾಂಪಿಯನ್ ಪೇಟದ ಸಮೇತ ಕುರ್ಚಿಯಿಂದ ಜಾರಿ, ನೆಲದ ಮೇಲೆ ಗೊರಕೆ ಹೊಡೆಯತೊಡಗಿದ.

ರೆಫ್ರಿ ಬಗ್ಗಿ, ರಿಂಗಿನಲ್ಲಿ ಎಣಿಸುವಂತೆ ಹತ್ತರವರೆಗೆ ಎಣಿಸಿ, ಅಧ್ಯಕ್ಷರ ಕೈ ಹಿಡಿದು ಮೇಲೆತ್ತಿದರು.