ಮಂಜ್ಯಾನ ಪಾಲು

ಸಂಗಪ್ಪ ಕಟಕಟೆ ಹತ್ತಿದ, ದೇವರ ಮೇಲೆ ಆಣೆ ಇಟ್ಟ, ಆಮೇಲೆ ಬಾಯಿ ಬಾರದೆ ನಿಂತ. ಹೇಳಬೇಕಾದ್ದು ಒಂದೇ ಮಾತು. ವಕೀಲರು ಅದನ್ನು ಗಿಳಿಗೆ ಕಲಿಸಿದ ಹಾಗೆ ಕಲಿಸಿದ್ದರು. ಗಿಳಿಯಾಗಿದ್ದರೆ ಇಷ್ಟೊತ್ತಿಗೆ ಹೇಳಿ ಮುಗಿಸುತ್ತಿತ್ತು.

ಎದುರಿನ ಬೆಂಚಿನ ಮೇಲೆ ದಾವೆ ಹಾಕಿದ ಮಂಜವ್ವ ಕುಳಿತಿದ್ದಳು. ಹಸಿರು ಸೀರೆ, ಕೈತುಂಬ ಬಳೆ, ಹಣೆತುಂಬ ಭಂಡಾರ. ಹೊಂಬಳದ ಮುದಕಪ್ಪನ ಮನೆಯಲ್ಲಿ ಆಕೆ ಹುಟ್ಟಿದಾಗ ಗಂಡುಮಗು ಎಂದು ಸಕ್ಕರೆ ಹಂಚಿ, ಮಂಜಪ್ಪ ಎಂದು ಹೆಸರಿಟ್ಟಿದ್ದರು. ಮೀಸೆ ಮೂಡುವ ವಯಸ್ಸಿಗೆ ಆಕೆ ಎಲ್ಲಮ್ಮನ ಗುಡ್ಡಕ್ಕೆ ಹೋಗಿ, ಮುತ್ತು ಕಟ್ಟಿಸಿಕೊಂಡು ಜೋಗತಿಯಾಗಿ, ಸೀರೆ ಉಟ್ಟು ಬಂದಳು. ಊರು ಸ್ವಲ್ಪ ದಿನ ಬಾಯಿ ಬಿಟ್ಟು ನೋಡಿತು. ಬೇಸರ ಬಂದ ಮೇಲೆ ಮಂಜವ್ವ ಎಂದು ಕರೆಯತೊಡಗಿತು. ಬೆನ್ನಿಗೆ ಹುಟ್ಟಿದ ತಮ್ಮ ಸಂಗಪ್ಪ ಮಾತ್ರ ಕರೆಯಲಿಲ್ಲ.

“ಲೇ ಮಂಜ್ಯಾ, ಈ ಹೊಸ್ತಿಲ ತುಳದೀ ಅಂದ್ರ ಕಾಲ ಮುರೀತೀನಿ!”

ಅಪ್ಪ ಕಂಬಕ್ಕೆ ಒರಗಿ ನೆಲ ನೋಡಿದ. ಆಕೆ ಬೆಟಗೇರಿಯಲ್ಲಿ ಒಂದು ಬಾಡಿಗೆ ಕೋಲಿ ಹಿಡಿದಳು. ಎಷ್ಟೋ ವರ್ಷ ಸದ್ದಿಲ್ಲ. ಈ ವರ್ಷ ಒಮ್ಮೆಲೇ ಕೋರ್ಟಿನ ನೋಟೀಸು ಬಂತು: ಹಿರಿಯರ ಹೊಲದಲ್ಲಿ ಪಾಲು ಬೇಕು.

ಊರ ಹಿರಿಯ ಮೈಲಾರಪ್ಪ ನಡುವೆ ಬಂದ. “ಅಣ್ಣತಮ್ಮರಾಗ ಕೋರ್ಟು ಕಚೇರಿ ಯಾಕ? ಕೆರಿ ಕಡೀ ಹೊಲ ಕೊಡಸ್ತೀನಿ. ಮಂಜಪ್ಪ ಅಂತ ಬರದು ಹೆಬ್ಬಟ್ಟು ಒತ್ತು, ಮುಗೀತು.”

“ಒತ್ತಂಗಿಲ್ರಿ ಹಿರಿಯಾರ. ಕೋರ್ಟಿನಾಗ ಏನಾಗತೈತಿ ಆಗ್ಲಿ.”

ಕೆರೆ ಕಡೆಯ ಹೊಲವೆಂದರೆ ಬಂಗಾರದಂಥ ಎರೆಭೂಮಿ. ಅದನ್ನೂ ಬೇಡ ಎಂದವಳನ್ನು ಊರು ಆಸೆಬುರುಕಿ ಎಂದಿತು. ಅನ್ನದೆ ಇನ್ನೇನು ಮಾಡೀತು.

ಸಂಗಪ್ಪ ಗದಗಿಗೆ ಓಡಿದ. ಹಿರಿಯರ ಹೊಲದಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಎಂಬ ಕಾಯ್ದೆ ಇನ್ನೂ ಬಂದಿರದ ಕಾಲ ಅದು. ಅವನ ವಕೀಲರು ಕಾಗದ ಓದಿ ನಕ್ಕುಬಿಟ್ಟರು.

“ನಿಮ್ಮಪ್ಪ ಇನ್ನೂ ಗಟ್ಟಿ ಅದಾನ. ಗಂಡಮಗ ಆದ್ರ ಈಗ ಪಾಲು ಕೇಳಬಹುದು. ಹೆಣ್ಣಮಗಳಿಗೆ ಕೇಳಾಕ ಬರಂಗಿಲ್ಲ. ಗಂಡಸು ಅಂದಿ, ಮೂರರಾಗ ಒಂದು ಪಾಲು ಹೊಲ ಹೋತು. ಹೆಂಗಸು ಅಂದಿ, ಒಂದು ಹೆಂಟಿ ಮಣ್ಣೂ ಹೋಗಂಗಿಲ್ಲ.”

“ಮಂಜ್ಯಾಗ ಹೆಂಗಸು ಅನ್ಬೇಕೇನ್ರಿ ನಾನು?”

“ಹೊಲ ಬೇಕೋ, ಹಟ ಬೇಕೋ?”

ಸಂಗಪ್ಪ ಮೀಸೆ ಸವರಿಕೊಂಡು ವಿಚಾರ ಮಾಡಿದ. ಹೊಲವೇ ಬೇಕಾಗಿತ್ತು.

ಈಗ ಕೋರ್ಟಿನಲ್ಲಿ ಜಡ್ಜ್ ಸಾಹೇಬರು ಕನ್ನಡಕದ ಮೇಲಿಂದ ನೋಡಿದರು. “ಹೇಳಪ್ಪಾ.”

“ಈಕಿ... ಹೆಣ್ಣಮಗಳ್ರಿ. ಮಂಜವ್ವ.”

“ಹುಟ್ಟಿದಾಗ?”

ಇದನ್ನು ವಕೀಲರು ಕಲಿಸಿರಲಿಲ್ಲ. ಸಂಗಪ್ಪ ಬೆವರು ಒರೆಸಿಕೊಂಡ. “ಆವಾಗಿಂದನೂ ಹೆಣ್ಣ ಇದ್ಲರಿ. ನಮಗ ತಿಳೀಲಿಲ್ಲ.”

ಮುದುಕ ಅಪ್ಪನ ಸರದಿ ಬಂತು. “ಹೌದ್ರಿ, ನನ್ನ ಮಗಳು” ಎಂದ ಮುದಕಪ್ಪ ಅಲ್ಲೇ ಅಳತೊಡಗಿದ. ಅಳಲು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅಡ್ಡಿಯಿಲ್ಲ, ಕೇಸಿಗೆ ಒಳ್ಳೆಯದೇ ಆಯಿತು.

ಮಂಜವ್ವನ ವಕೀಲರು ಪಾಟೀಸವಾಲಿಗೆ ತೋಳು ಏರಿಸಿ ಎದ್ದರು. ಮಂಜವ್ವ ಅವರ ಕರಿ ಕೋಟು ಜಗ್ಗಿ ಕಿವಿಯಲ್ಲಿ ಏನೋ ಹೇಳಿದಳು. ಅವರ ಮುಖ ಸಪ್ಪಗಾಯಿತು. ಮತ್ತೆ ಕಟಕಟೆ ಹತ್ತಿದ ಸಂಗಪ್ಪನಿಗೆ ಅವರು ಕೇಳಿದ್ದು ಒಂದೇ ಪ್ರಶ್ನೆ.

“ಹೊರಗ ನಿಂತವ್ರಿಗೂ ಕೇಳಂಗ ಹೇಳಪಾ. ಈಕಿ ನಿನಗ ಏನಾಗಬೇಕು?”

“ಅಕ್ಕ ಆಗಬೇಕ್ರಿ!” ಸಂಗಪ್ಪ ಗಂಟಲು ಹರಿಯುವಂತೆ ಕೂಗಿದ. ಹೊಲ ಉಳಿಸಿಕೊಳ್ಳುವವನ ದನಿ ಅದು. ಪಡಸಾಲೆಯಲ್ಲಿ ನಿಂತಿದ್ದ ಹೊಂಬಳದವರೆಲ್ಲ ಕೇಳಿದರು. ಮಂಜವ್ವ ಸೆರಗು ಬಾಯಿಗೆ ಹಿಡಿದು ತಲೆ ತಗ್ಗಿಸಿದಳು. ಕೇಸು ಸೋತವರು ಹಾಗೆಯೇ ಕೂರುತ್ತಾರೆ.

ತೀರ್ಪು ಆಷಾಢದ ಕೊನೆಗೆ ಬಂತು. ವಾದಿ ಮಂಜವ್ವ ಮುದಕಪ್ಪನ ಮಗಳು, ಸಂಗಪ್ಪನ ಅಕ್ಕ. ತಂದೆ ಬದುಕಿರುವಾಗ ಪಾಲು ಕೇಳುವ ಹಕ್ಕು ಆಕೆಗಿಲ್ಲ. ದಾವೆ ವಜಾ.

ಹೊರಗೆ ಬೇವಿನ ಗಿಡದ ಕೆಳಗೆ ಸಂಗಪ್ಪ ಊರವರಿಗೆಲ್ಲ ಪೇಢೆ ಹಂಚಿದ. ಮೈಲಾರಪ್ಪ ಬೆನ್ನು ಚಪ್ಪರಿಸಿ, “ಗೆದ್ದಿ ಬಿಡಲೇ ಮಗನ!” ಎಂದ. ಅಷ್ಟರಲ್ಲಿ ಮಂಜವ್ವ ಮೆಟ್ಟಿಲಿಳಿದು ನೇರ ಅವರ ಕಡೆಗೇ ಬಂದಳು. ಕಣ್ಣು ಕೆಂಪಾಗಿದ್ದವು. ಗೆದ್ದವನಿಗೆ ಕನಿಕರ ಸಸ್ತಾ. ಸಂಗಪ್ಪ ಒಂದು ಪೇಢೆ ಮುಂದೆ ಹಿಡಿದ. “ಮನಸಿಗೆ ಹಚಗೋಬ್ಯಾಡವಾ, ಅಕ್ಕಾ.”

ಮಂಜವ್ವ ಪೇಢೆ ಬಾಯಿಗೆ ಹಾಕಿಕೊಂಡಳು, ಕಣ್ಣು ಒರೆಸಿಕೊಂಡಳು, ಇಡೀ ಊರಿಗೆ ಕೇಳುವ ಹಾಗೆ ಕೇಳಿದಳು:

“ನಾಗರ ಪಂಚಮಿ ಬಂತಲ್ಲೋ ತಮ್ಮಾ, ತವರಮನಿಗೆ ನನ್ನ ಕರಿಯಾಕ ಗಾಡಿ ಯಾವತ್ತ ಕಟಗೊಂಡ ಬರ್ತಿ?”