ಹಿಂದೆ ಉಳಿದವಳ ಮೇಲೆ ಕಣ್ಣು

ಆಟಕ್ಕೆ ಮುಂಚೆ ತಾಯಂದಿರು ರೆಫರಿಗಳಿಗೆ ಮಜ್ಜಿಗೆ ಕೊಡುವುದು ಮಂಡ್ಯದ ಬಾಸ್ಕೆಟ್‌ಬಾಲ್ ಕೋರ್ಟಿನ ರೂಢಿ. ರೆಫರಿಯ ಕಣ್ಣು ತಪ್ಪಿದವರು ಕೋರ್ಟಿನಲ್ಲೇ ಕರಗಿಹೋಗುವ ಕಾಲ ಬಂದಮೇಲೆ ಶುರುವಾದದ್ದು ಅದು. ನೋಡಲು ಬಂದವರು ಎಷ್ಟು ದಿಟ್ಟಿಸಿದರೂ ಲೆಕ್ಕಕ್ಕಿಲ್ಲ. ಸೀಟಿ ಕಟ್ಟಿಕೊಂಡವರ ಕಣ್ಣೇ ಬೇಕು.

"ನಮ್ ಚಂಪಾನ ಒಸಿ ನೋಡ್ಕಳಿ, ವಿಮಲಕ್ಕ," ಎಂದಳು ಒಬ್ಬ ತಾಯಿ.

"ಮಜ್ಜಿಗೆಗೆ ಉಪ್ಪೇ ಹಾಕಿಲ್ವಲ್ಲವ್ವ, ಹೆಂಗ್ ನೋಡ್ಲಿ?" ಎಂದು ವಿಮಲಾಕ್ಷಿ ಅವಳನ್ನು ನಗಿಸಿದಳು.

ಜೊತೆಯ ರೆಫರಿ ಶಿವರುದ್ರ ಹೊಸಬ. ಅವನಿಗೆ ಮೊದಲೇ ಹೇಳಿಕೊಟ್ಟಿದ್ದಳು: "ಚೆಂಡು ಆ ಕಡಿಕೆ ಹೋದ್ರೆ ನೀನು ಮುಂದೆ ಓಡಪ್ಪ, ಹಿಂದೆ ಉಳ್ದೋರ್ನ ನಾ ನೋಡ್ಕತೀನಿ. ಬಾಸ್ಕೆಟ್ ಕೆಳಗೆ ನಿಂತೇಟ್ಗೆ ತಿರುಗಿ ನನ್ನ ನೋಡು. ನಂಗೂ ನಿನ್ ಕಣ್ಣೇ ಗತಿ."

ಆಟ ಬಿರುಸಾಯಿತು. ಚೆಂಡು ಕಸಿದ ಹುಡುಗಿಯರು ಆಚೆ ತುದಿಗೆ ನುಗ್ಗಿದರು, ಉಳಿದವರು ಬೆನ್ನಟ್ಟಿದರು, ಶಿವರುದ್ರನೂ ಓಡಿದ. ಈಚೆ ತುದಿಯಲ್ಲಿ ಚಂಪಾ ಕಾಲುಳುಕಿ ಬಿದ್ದಳು. ವಿಮಲಾಕ್ಷಿ ಹೆಜ್ಜೆ ಕೀಳದೆ ಅವಳನ್ನೇ ನೋಡುತ್ತ ನಿಂತಳು.

ಬೆನ್ನ ಹಿಂದೆ ಜನ ಹೋ ಎಂದರು. ಚೆಂಡು ಬಾಸ್ಕೆಟಿನ ಅಂಚಿನಲ್ಲಿ ಸುತ್ತುತ್ತಿರಬೇಕು. ಶಿವರುದ್ರ ತಿರುಗಿದನೋ, ಬಾಯಿಬಿಟ್ಟು ಚೆಂಡನ್ನೇ ನೋಡುತ್ತಿದ್ದಾನೋ, ಕತ್ತು ಹೊರಳಿಸಿ ನೋಡುವ ಹಾಗಿರಲಿಲ್ಲ. ಸೀಟಿ ಊದಿದಳು. ಸದ್ದು ಬರಲಿಲ್ಲ.

"ಅಕ್ಕಾ, ಎಲ್ಲೋದ್ರಿ?" ಚಂಪಾ ಗಾಬರಿಯಿಂದ ಅತ್ತಿತ್ತ ಹುಡುಕಿದಳು.

"ಇಲ್ಲೇ ಇವ್ನಿ ಕಣವ್ವ," ಎಂದಳು ವಿಮಲಾಕ್ಷಿ. ಆ ಮಾತು ಅವಳಿಗೇ ಕೇಳಿಸಲಿಲ್ಲ.

ಕರಗಿಹೋದವಳ ಕಣ್ಣು ಲೆಕ್ಕಕ್ಕೆ ಬರುತ್ತದೋ ಇಲ್ಲವೋ, ಯಾರೂ ವಾಪಸ್ ಬಂದು ಹೇಳಿದ್ದಿಲ್ಲ. ವಿಮಲಾಕ್ಷಿ ರೆಪ್ಪೆ ಬಡಿಯದೆ ಹುಡುಗಿಯನ್ನೇ ನೋಡುತ್ತ ನಿಂತಳು.