ತಿಥಿ ಅಕ್ಕಿಯ ಚೀಲ

ಬಾವಿಯಿಂದ ನೀರು ತಂದ ನಿಂಗಾಜಮ್ಮ ಹೊಸಿಲಲ್ಲೇ ನಿಂತುಬಿಟ್ಟಳು. ಅತ್ತೆ ಪಟ್ಟಲಮ್ಮ ದಬ್ಬಣ ಹಿಡಿದು ಗೋಣಿಚೀಲವೊಂದರ ಬಾಯಿ ಹೊಲಿಯುತ್ತಿದ್ದಳು. ಬರ್ಮಾ ಯುದ್ಧದಲ್ಲಿ ಸತ್ತ ನಿಂಗಾಜಮ್ಮನ ಗಂಡನ ತಿಥಿ ನಿನ್ನೆಯಷ್ಟೇ ಮುಗಿದಿತ್ತು. ಆ ಅಡುಗೆಗೆ ಅಕ್ಕಿ ತಂದಿದ್ದ ಚೀಲ ಅದು. ಹೊಲಿಗೆಯ ಸಂದಿಯಲ್ಲಿ ಬಟ್ಟೆ ಕಾಣುತ್ತಿತ್ತು.

"ಬೆಳಕವಾಡಿಗೆ ಕಳಿಸ್ತಾ ಇವ್ನಿ," ಎಂದಳು ಅತ್ತೆ, ತಲೆಯೆತ್ತದೆ.

ಬೆಳಕವಾಡಿ ನಿಂಗಾಜಮ್ಮನ ತವರು. ಚೀಲದಲ್ಲಿರುವುದು ತನ್ನ ಬಟ್ಟೆಯೇ ಎಂದುಕೊಂಡು ಅವಳು ಕೊಡ ಇಳಿಸಿದಳು. "ಅತ್ತೆಮ್ಮ, ನನ್ನ ಅಟ್ಬುಡಬ್ಯಾಡಿ. ಕೂಲಿ ಮಾಡ್ಕಂಡು ಇಲ್ಲೇ ಬಿದ್ದಿರ್ತೀನಿ."

"ನಿನ್ನ ಯಾರು ಅಟ್ಟುದ್ರು? ನಿಮ್ಮಣ್ಣ ನೆನ್ನೆ ಬಿಳಿ ಸೀರೆ ತಂದ್ಕೊಟ್ನಲ್ಲ, ಅದು ಕಣವ್ವ. ಅವನ್ದು ಅವನಿಗೇ ಓಗ್ಲಿ."

ನಿಂಗಾಜಮ್ಮನಿಗೆ ಕಿವಿ ಕೇಳಿದ್ದನ್ನು ನಂಬಲಾಗಲಿಲ್ಲ. "ಊರ್ನೋರು ಏನಂದಾರು?" ಎಂದಳು, ಸಣ್ಣ ದನಿಯಲ್ಲಿ.

ಪಟ್ಟಲಮ್ಮ ಹುರಿಯನ್ನು ಹಲ್ಲಿನಿಂದ ಕಡಿದಳು. ಒಗೆದೊಗೆದು ಮಾಸಿದ ತನ್ನ ಬಿಳಿ ಸೆರಗನ್ನೇ ಮುಂದಕ್ಕೆ ಹಿಡಿದಳು. "ಇಪ್ಪತ್ತು ವರ್ಸದಿಂದ ಇದ ಉಟ್ಟಿವ್ನಿ. ನಮ್ಮನೇಲಿ ಒಬ್ಬಳು ಉಟ್ಟಿದ್ದು ಸಾಕು. ಸತ್ತಿರೋನು ನನ್ನ ಮಗ, ನೀನು ಬದುಕಿದ್ದೀಯೆ."

ಅಷ್ಟು ಹೇಳಿ ಒಳಗೆ ಹೋದವಳು ಪೆಟ್ಟಿಗೆಯಿಂದ ಸೊಸೆಯ ಧಾರೆಯ ಕೆಂಪು ಸೀರೆ ತಂದು ಅವಳ ಕೈಗಿಟ್ಟಳು. "ಇದ ಉಟ್ಕೊ. ಚೀಲವ ನಾವಿಬ್ರೂ ಓಗಿ ಬಸ್ಸಿಗೆ ಆಕ್ಬುಟ್ಟು ಬರವ."

ಅಂದು ಹಾಡಹಗಲಲ್ಲಿ ಹಲಗೂರಿನ ಬೀದಿಯ ಹೆಂಗಸರು ಬಾಯಿಗೆ ಸೆರಗು ಹಿಡಿದು ನೋಡಿದರು. ಕೆಂಪು ಸೀರೆಯುಟ್ಟ ನಿಂಗಾಜಮ್ಮ ಹೆಜ್ಜೆ ನಿಧಾನಿಸಿದಳು. ಚೀಲ ಹೊತ್ತ ಅತ್ತೆ ಅವಳ ರಟ್ಟೆ ಹಿಡಿದು, ಯಾರತ್ತಲೂ ನೋಡದೆ ನಡೆದಳು.